ಅಪ್ಪನ ಮನೆ ಮಾರಬೇಕು: ಬಣ್ಣ ಮೊದಲೋ, ಕಾಗದ ಮೊದಲೋ?

ಕುವೆಂಪುನಗರದ ಮಗಳು:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮಪ್ಪ ಕಟ್ಟಿಸಿದ ಮನೆ ಇದೆ. 30x40 ಸೈಟು. ಮುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಆಗುವ ಮುಂಚೆ, ಸಿ.ಐ.ಟಿ.ಬಿ. ಅನ್ನುವ ಹಳೇ ಮಂಡಳಿ ಇದ್ದಾಗ ಹಂಚಿದ್ದು. 1989ರಲ್ಲಿ ಗೃಹಪ್ರವೇಶ ಆಯಿತು. ಒಂದೇ ಅಂತಸ್ತು, ಮೇಲೆ ತಾರಸಿ. ಅಪ್ಪ ಈಗ ಇಲ್ಲ, ವಿಲ್ ಬರೆದಿರಲಿಲ್ಲ. ಅಮ್ಮ ಬೆಂಗಳೂರಿನಲ್ಲಿ ನನ್ನ ಜೊತೆ ಇದ್ದಾರೆ. ಅಣ್ಣ ಮೈಸೂರಿನಲ್ಲೇ ಬೇರೆ ಮನೆ ಮಾಡಿಕೊಂಡಿದ್ದಾನೆ. ತಂಗಿ ಅಮೆರಿಕದಲ್ಲಿದ್ದಾಳೆ. ಮನೆಗೆ ಬೀಗ ಹಾಕಿ ಬಹಳ ದಿನ ಆಯಿತು. ಮಾರುವುದಕ್ಕೆ ಎಲ್ಲರೂ ಒಪ್ಪಿದ್ದೇವೆ.

ಜಗಳ ಬೇರೆ ವಿಷಯಕ್ಕೆ. ಅಣ್ಣನಿಗೆ ಮೊಸಾಯಿಕ್ ಕಿತ್ತು ಟೈಲ್ಸ್ ಹಾಕಿಸಬೇಕು, ಅಡುಗೆಮನೆಯನ್ನು ಮಾಡ್ಯುಲರ್ ಮಾಡಿಸಬೇಕು, ಒಳಗೆ ಹೊರಗೆ ಬಣ್ಣ ಹೊಡೆಸಬೇಕು. ಆಮೇಲೇ ಜನಕ್ಕೆ ತೋರಿಸೋಣ, ಖರ್ಚು ಮಾಡಿದ್ದರ ಎರಡರಷ್ಟು ಬರುತ್ತದೆ ಅನ್ನುತ್ತಾನೆ. ಅಮ್ಮ ‘ಇರೋ ಹಾಗೇ ಕೊಟ್ಟುಬಿಡಿ’ ಅನ್ನುತ್ತಾರೆ. ಬಚ್ಚಲಮನೆ ಪಕ್ಕದ ಹಾಲ್ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತಿದೆ. ಅದು ಬಿಟ್ಟರೆ ಮನೆ ಗಟ್ಟಿಯಾಗಿದೆ. ನೀವಾಗಿದ್ದರೆ ಎಲ್ಲಿಂದ ಶುರು ಮಾಡುತ್ತಿದ್ದಿರಿ?

ಸೈಟು ಮನೆ:
ಮೇಡಂ, ನಾನು ಬಹಳ ವರ್ಷ ಮೈಸೂರಿನಲ್ಲಿ ಮನೆ ವ್ಯಾಪಾರ ಮಾಡಿಸಿದವನು. ನೇರವಾಗಿ ಹೇಳುತ್ತೇನೆ. ನಿಮ್ಮ ಏರಿಯಾದಲ್ಲಿ 1989ರ ಒಂದಂತಸ್ತಿನ ಮನೆ ನೋಡೋಕೆ ಎರಡು ಥರದವರು ಬರುತ್ತಾರೆ. ಒಂದು ಗುಂಪು ನೆಲ, ಗೋಡೆ ಯಾವುದನ್ನೂ ನೋಡುವುದಿಲ್ಲ. ಗೇಟಿನ ಹತ್ತಿರ ನಿಂತು ರಸ್ತೆ ಎಷ್ಟು ಅಗಲ, ಯಾವ ದಿಕ್ಕು, ಕಾರ್ನರಾ ಅಂತ ಕೇಳುತ್ತಾರೆ. ಅವರು ಕೆಡವಿ ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಕೊಡುವವರು. ಇನ್ನೊಂದು ಗುಂಪು ಅಲ್ಲೇ ಇರೋಕೆ ಬರುವವರು. ರಿಟೈರ್ ಆದವರು, ಮಕ್ಕಳ ಸ್ಕೂಲಿಗೆ ಅಂತ ಬರುವವರು. ಮೊದಲ ಗುಂಪಿಗೆ ನಿಮ್ಮ ಟೈಲ್ಸ್ ಕಸ. ಎರಡನೇ ಗುಂಪಿಗೆ ತಮಗೆ ಬೇಕಾದ ಟೈಲ್ಸೇ ಬೇಕು. ಅಣ್ಣನಿಗೆ ಹೇಳಿ, ಆ ದುಡ್ಡು ಬ್ಯಾಂಕಿನಲ್ಲಿರಲಿ.

ಬಣ್ಣದಂಗಡಿ:
ನನ್ನ ಹೊಟ್ಟೆ ಮೇಲೆ ಹೊಡೆಯಬೇಡಿ ಸ್ವಾಮಿ :) ಆದರೂ ಸತ್ಯ ಹೇಳುತ್ತೇನೆ, ಆ ಗೋಡೆಗೆ ಈಗಲೇ ಬಣ್ಣ ಹೊಡೆಸಬೇಡಿ.

ಮೇಡಂ, ಉಬ್ಬಿದ ಜಾಗವನ್ನು ಉಗುರಿನಲ್ಲಿ ಕೆರೆದು ನೋಡಿ. ಬಿಳೀ ಪುಡಿ ಉದುರಿದರೆ ಗೋಡೆ ಉಪ್ಪು ಬಿಡುತ್ತಿದೆ ಅಂತ ಅರ್ಥ, ಒಳಗೆ ನೀರು ಓಡಾಡುತ್ತಿದೆ. ಆ ಕಾಲದ ಮನೆಗಳಲ್ಲಿ ಗೋಡೆಯೊಳಗೆ ಕಬ್ಬಿಣದ ಜಿ.ಐ. ಪೈಪು ಹಾಕಿರುತ್ತಿದ್ದರು. ಜಾಯಿಂಟು, ಎಲ್ಬೋ ಎಲ್ಲ ತುಕ್ಕು ಹಿಡಿದಿರುತ್ತದೆ. ನಲ್ಲಿ ತಿರುಗಿಸದಿದ್ದರೂ ಮೇಲಿನ ಟ್ಯಾಂಕಿನಲ್ಲಿ ನೀರಿದ್ದರೆ ಪೈಪಿನಲ್ಲಿ ಪ್ರೆಷರ್ ಇದ್ದೇ ಇರುತ್ತದೆ. ಅದಕ್ಕೇ ಬೀಗ ಹಾಕಿದ ಮನೆಯಲ್ಲೂ ಗೋಡೆ ಒದ್ದೆ. ಮನೆ ಹೇಗೂ ಖಾಲಿ ಅಲ್ವಾ, ಟ್ಯಾಂಕಿನಿಂದ ಇಳಿಯುವ ಪೈಪಿನ ವಾಲ್ವ್ ಬಂದ್ ಮಾಡಿ ಕೆಲವು ವಾರ ಬಿಡಿ. ಗೋಡೆ ಒಣಗುತ್ತಾ ಬಂದರೆ ಪೈಪಿನ ತಪ್ಪು. ಒಣಗದಿದ್ದರೆ ಬಚ್ಚಲ ನೆಲ, ಒಳಚರಂಡಿ ಪೈಪು ನೋಡಬೇಕು. ಅಥವಾ ತಳಪಾಯದಿಂದಲೇ ಶೀತ ಏರುತ್ತಿರಬಹುದು.

ಕಾರಣ ಸಿಕ್ಕ ಮೇಲೆ ಅಷ್ಟು ಭಾಗದ ಗಾರೆ ಇಟ್ಟಿಗೆ ಕಾಣುವ ತನಕ ಕೆತ್ತಿಸಿ. ಹೊಸ ಗಾರೆ ಮಾಡಿಸಿ, ಪೂರ್ತಿ ಒಣಗಿಸಿ, ಆಮೇಲೆ ಪ್ರೈಮರ್, ಆಮೇಲೆ ಬಣ್ಣ. ಒದ್ದೆ ಗೋಡೆಗೆ ಯಾವ ಕಂಪನಿಯ ಯಾವ ಬಣ್ಣ ಹೊಡೆದರೂ ಮುಂದಿನ ಮಳೆಗಾಲಕ್ಕೆ ಮತ್ತೆ ಹಪ್ಪಳದ ಹಾಗೆ ಏಳುತ್ತದೆ.

ಮನೆ ಹುಡುಕಾಟ:
ಕೊಳ್ಳುವವನ ಕಡೆಯಿಂದ ಒಂದು ಮಾತು. ಹೊಸಾ ಪೇಂಟಿನ ವಾಸನೆ ಬರುವ ಹಳೇ ಮನೆ ಕಂಡರೆ ನನಗೆ ಮೊದಲು ಅನುಮಾನ. ಅದರಲ್ಲೂ ಒಂದೇ ಗೋಡೆಗೆ ಡಾರ್ಕ್ ಬಣ್ಣವೋ ವಾಲ್‌ಪೇಪರೋ ಇದ್ದರೆ ಅಲ್ಲೇ ಕೈ ಇಟ್ಟು ನೋಡುತ್ತೇನೆ. ಮಲಗುವ ಕೋಣೆಯ ಗೋಡೆಗೆ ಬೀರು ಒತ್ತಿಸಿಟ್ಟಿದ್ದರೆ ‘ಸ್ವಲ್ಪ ಸರಿಸ್ತೀರಾ’ ಅಂತ ಕೇಳಿಯೇ ಬಿಡುತ್ತೇನೆ. ಮಾರುವವರ ಮುಖ ಬಿಗಿದುಕೊಂಡರೂ ಪರವಾಗಿಲ್ಲ. ಹಳೇ ಬಣ್ಣ ಇರಲಿ, ಗೋಡೆ ಒಣಗಿರಲಿ. ನಮ್ಮಂಥವರಿಗೆ ಅದೇ ಧೈರ್ಯ.

ವಕೀಲಮ್ಮ:
ಬಣ್ಣದ ವಿಷಯ ಆಯಿತು. ಕಾಗದದ ಬಗ್ಗೆ ಯಾರೂ ಕೇಳಲೇ ಇಲ್ಲವಲ್ಲ! ಮನೆ ಈಗ ಯಾರ ಹೆಸರಿನಲ್ಲಿದೆ? ಖಾತೆ ಅಪ್ಪನ ಹೆಸರಿನಲ್ಲೇ ಇದ್ದರೆ ನಾಳೆ ಒಳ್ಳೇ ಪಾರ್ಟಿ ಬಂದರೂ ನಿಮ್ಮಿಂದ ರಿಜಿಸ್ಟರ್ ಮಾಡಿಕೊಡೋಕೆ ಆಗುವುದಿಲ್ಲ. ಮೊದಲು ಅದನ್ನು ಹೇಳಿ. ಮತ್ತೆ, ಅಪ್ಪ ಸಾಲ ಮಾಡಿ ಕಟ್ಟಿಸಿದ್ದರಾ?

ಕುವೆಂಪುನಗರದ ಮಗಳು:
ಖಾತೆ ಅಪ್ಪನ ಹೆಸರಿನಲ್ಲೇ ಇದೆ. ಕಂದಾಯ ಅಣ್ಣ ಕಟ್ಟುತ್ತಿದ್ದಾನೆ, ರಸೀದಿ ಎಲ್ಲ ಇವೆ. ಅಪ್ಪ ಸರ್ಕಾರಿ ನೌಕರರು. ಇಲಾಖೆಯಿಂದ ಮನೆ ಕಟ್ಟುವ ಮುಂಗಡ ತೆಗೆದುಕೊಂಡಿದ್ದರು. ಸರ್ವೀಸಿನಲ್ಲಿದ್ದಾಗಲೇ ಸಂಬಳದಲ್ಲಿ ಮುರಿದು ತೀರಿಹೋಗಿದೆ. ಅದಕ್ಕೂ ಮಾರುವುದಕ್ಕೂ ಏನು ಸಂಬಂಧ?

ಇನ್ನೊಂದು ಮಾತು. ನನ್ನದು, ತಂಗಿಯದು ಇಬ್ಬರದೂ 2005ರ ಮುಂಚೆಯೇ ಮದುವೆ ಆಗಿದೆ. ಹಾಗಾಗಿ ಹೆಣ್ಣುಮಕ್ಕಳ ಸಹಿ ಬೇಕಾಗಿಲ್ಲ ಅಂತ ನೆಂಟರೊಬ್ಬರು ಅಣ್ಣನ ತಲೆಗೆ ತುಂಬಿದ್ದಾರೆ. ಅಣ್ಣ ಹಾಗೆ ಹೇಳುವವನಲ್ಲ, ಆದರೂ ಕೇಳಿಬಿಡೋಣ ಅಂತ.

ವಕೀಲಮ್ಮ:
ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಅದೇ ಜಾಸ್ತಿ ಮನೆ ಮುರಿಯುವುದು. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹುಟ್ಟುಹಕ್ಕಿನ ವಿಷಯ. ನಮ್ಮ ಕರ್ನಾಟಕದಲ್ಲಿ 1994ರಲ್ಲೇ ಅಂಥದ್ದೊಂದು ಕಾಯ್ದೆ ಬಂದಿತ್ತು. ಆದರೆ ಅದು ಅಷ್ಟರೊಳಗೆ ಮದುವೆ ಆದವರನ್ನು ಹೊರಗಿಟ್ಟಿತ್ತು. ಆ ‘ಮದುವೆ ಆದವರಿಗೆ ಇಲ್ಲ’ ಅನ್ನುವ ಮಾತು ಈಗಲೂ ಜನರ ಬಾಯಲ್ಲಿ ಓಡಾಡುತ್ತಿದೆ. ನಿಮ್ಮದು ಆ ಕಥೆಯೇ ಅಲ್ಲ. ಅಪ್ಪ ತಮ್ಮ ದುಡಿಮೆಯಲ್ಲಿ ಮಾಡಿದ ಮನೆ, ವಿಲ್ ಇಲ್ಲ. ಅದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮ. ಮದುವೆ ಯಾವಾಗ ಆಯಿತು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಅಪ್ಪನ ತಾಯಿ ಆಗ ಬದುಕಿದ್ದರೆ ಅವರಿಗೂ ಪಾಲು ಇತ್ತು. ಇಲ್ಲದಿದ್ದರೆ ಅಮ್ಮ ಮತ್ತು ನೀವು ಮೂವರು, ತಲಾ ಕಾಲು ಭಾಗ. ಕ್ರಯಪತ್ರಕ್ಕೆ ನಾಲ್ಕು ಜನರ ಸಹಿಯೂ ಬೇಕು. ಒಬ್ಬರ ಸಹಿ ಇಲ್ಲದಿದ್ದರೂ ಬ್ಯಾಂಕಿನ ವಕೀಲರು ಫೈಲು ವಾಪಸ್ ಕಳಿಸುತ್ತಾರೆ.

ಈಗ ಸಾಲ. ಸರ್ಕಾರಿ ಮುಂಗಡಕ್ಕೆ ಮನೆಯನ್ನು ಸರ್ಕಾರಕ್ಕೆ ಅಡಮಾನ ಮಾಡಿ ನೋಂದಣಿ ಮಾಡಿಸಿರುತ್ತಾರೆ. ಸಾಲ ತೀರಿದರೂ ಬಿಡುಗಡೆ ಪತ್ರ ನೋಂದಣಿ ಆಗದಿದ್ದರೆ ಇ.ಸಿ.ಯಲ್ಲಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ಆ ಅಡಮಾನ ಹಾಗೇ ಕೂತಿರುತ್ತದೆ. ಅಪ್ಪಂದಿರು ‘ಸಾಲ ತೀರಿತು’ ಅಂತ ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಮಕ್ಕಳು ಮಾರಲು ಹೋದಾಗ ಹೊರಗೆ ಬರುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆನ್‌ಲೈನ್ ಇ.ಸಿ. ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದ್ದು. ಅದನ್ನು ತೆಗೆದು ‘ನಿಲ್ ಬಂತು, ಏನೂ ಬಾಕಿ ಇಲ್ಲ’ ಅಂತ ಖುಷಿಪಡಬೇಡಿ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಬರಹದ ಇ.ಸಿ.ಗೆ ಅರ್ಜಿ ಹಾಕಿ. ಅಡಮಾನ ಕಂಡರೆ ಅಪ್ಪನ ಇಲಾಖೆಯಿಂದ ಸಾಲ ಬಾಕಿ ಇಲ್ಲ ಅನ್ನುವ ಪತ್ರ ಮತ್ತು ಬಿಡುಗಡೆ ಪತ್ರ ಮಾಡಿಸಿಕೊಳ್ಳಬೇಕು. ಹಳೇ ಫೈಲು ಹುಡುಕಿಸಬೇಕು, ಸಮಯ ಹಿಡಿಯುತ್ತದೆ. ಅದಕ್ಕೇ ಇವತ್ತೇ ಶುರು ಮಾಡಿ ಅನ್ನುತ್ತಿರುವುದು.

ಬ್ಯಾಂಕ್ ರಿಟೈರ್ಡ್:
ವಕೀಲಮ್ಮನವರು ಹೇಳಿದ್ದು ನೂರಕ್ಕೆ ನೂರು ನಿಜ. ಇದಕ್ಕೆ ಸೇರಿಸುತ್ತೇನೆ. ಕೊಳ್ಳುವವರು ಸಾಲ ಮಾಡಿ ಕೊಳ್ಳುವವರಾದರೆ ಬ್ಯಾಂಕು ಕೇಳುವ ಕಾಗದಗಳು ಇವು. ಸಿ.ಐ.ಟಿ.ಬಿ. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಲೀಸ್-ಕಂ-ಸೇಲ್ ಕರಾರು, ಅಂದರೆ ಮೊದಲು ಗುತ್ತಿಗೆ, ಆಮೇಲೆ ಮಾರಾಟ ಅನ್ನುವ ಒಪ್ಪಂದ. ಅದರ ಅವಧಿ ಮುಗಿದ ಮೇಲೆ ಆದ ಶುದ್ಧ ಕ್ರಯಪತ್ರ (ಪೂರ್ತಿ ಮಾಲೀಕತ್ವ ಕೊಡುವ ಪತ್ರ). ಮಂಜೂರಾದ ನಕ್ಷೆ, ಕಂದಾಯ ರಸೀದಿ, 30 ವರ್ಷದ ಇ.ಸಿ. ಇದರಲ್ಲಿ ಬಹಳ ಜನ ಎಡವುವುದು ಶುದ್ಧ ಕ್ರಯಪತ್ರದಲ್ಲಿ. ಲೀಸ್ ಅವಧಿ ಮುಗಿದಿದ್ದರೂ ಅದನ್ನು ಮಾಡಿಸಿಕೊಂಡೇ ಇರುವುದಿಲ್ಲ. ಅಪ್ಪನ ಟ್ರಂಕಿನಲ್ಲಿ ಲೀಸ್ ಕರಾರು, ಶುದ್ಧ ಕ್ರಯಪತ್ರ ಎರಡೂ ಇದೆಯಾ ನೋಡಿ. ನಕ್ಷೆ ಸಿಕ್ಕರೆ ಜೋಪಾನ.

ಟೈಲ್ಸ್ ವಿಷಯಕ್ಕೆ ಬಂದರೆ, ಬ್ಯಾಂಕಿನ ವ್ಯಾಲ್ಯುಯರ್ ಲೆಕ್ಕ ಹಾಕುವ ರೀತಿ ಅಣ್ಣನವರಿಗೆ ತಿಳಿದಿರಲಿ. ಜಾಗದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ. ಕಾಂಕ್ರೀಟ್ ಮನೆಗೆ ಸಾಮಾನ್ಯವಾಗಿ 60 ವರ್ಷ ಆಯಸ್ಸು ಅಂತ ಹಿಡಿದು, ಕಳೆದ ವರ್ಷಗಳಿಗೆ ಬೆಲೆ ಕಡಿಮೆ ಮಾಡುತ್ತಾ ಬರುತ್ತಾರೆ. 1989ರ ಕಟ್ಟಡ ಅರ್ಧ ದಾಟಿಯಾಗಿದೆ. ಹೊಸ ನೆಲ ಹಾಕಿದ ಮಾತ್ರಕ್ಕೆ ಮನೆಯ ವಯಸ್ಸು ಇಳಿಯುವುದಿಲ್ಲ.

ಅತ್ತಿಗೆಯ ಲೆಕ್ಕ:
ಎಲ್ಲರೂ ಅಣ್ಣನ್ನೇ ಬೈಯುತ್ತಿದ್ದೀರಲ್ಲ, ಪಾಪ. ನಾನು ಅವನ ಪಕ್ಷ, ಅರ್ಧ. ಟೈಲ್ಸ್ ಬೇಡ, ಮಾಡ್ಯುಲರೂ ಬೇಡ. ಆದರೆ ‘ಇರೋ ಹಾಗೇ’ ಅಂತ ಧೂಳು ಹಿಡಿದ ಮನೆ ತೋರಿಸಿದರೆ ಬಂದವರು ಬಾಗಿಲಲ್ಲೇ ರೇಟು ಇಳಿಸುತ್ತಾರೆ. ‘ಕೆಡವೋ ಮನೆ ತಾನೇ’ ಅಂತ ಮಾತು ಶುರು ಮಾಡುತ್ತಾರೆ. ನಮ್ಮ ಅತ್ತೆ ಮನೆ ಮಾರಿದಾಗ ಮೊಸಾಯಿಕ್ ಪಾಲಿಶ್ ಮಾಡಿಸಿದ್ದೆವು. ಮಷೀನ್ ತಂದು ಉಜ್ಜುತ್ತಾರೆ. ಮನೆಯೆಲ್ಲ ಬೂದು ಬಣ್ಣದ ಕೆಸರು, ಎರಡು ದಿನ ಕಾಲಿಡೋಕೆ ಆಗುವುದಿಲ್ಲ. ಆಮೇಲೆ ತೊಳೆದು ನೋಡಿದರೆ ಆ ಹಸಿರು, ಕಪ್ಪು, ಬಿಳಿ ಕಲ್ಲಿನ ಚೂರುಗಳು ಒಂದೊಂದೂ ಎದ್ದು ಕಾಣುತ್ತವೆ. ಟೈಲ್ಸಿನ ಖರ್ಚಿನಲ್ಲಿ ಸಣ್ಣ ಪಾಲೂ ಇಲ್ಲ. ಬಂದವರು ಬಗ್ಗಿ ಮುಟ್ಟಿ ನೋಡುತ್ತಿದ್ದರು.

ಅಡುಗೆಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಇದ್ದರೆ ಅದನ್ನು ಮಷೀನಿಗೆ ಕೊಡಬೇಡಿ. ಸೋಪಿನ ನೀರಲ್ಲಿ ಒರೆಸಿ, ಒಣಗಿದ ಮೇಲೆ ಬಟ್ಟೆಗೆ ತುಸು ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಸಾಕು. ತೇಗದ ಮುಂಬಾಗಿಲಿದ್ದರೆ ಹಳೇ ವಾರ್ನಿಷ್ ಉಜ್ಜಿ ತೆಗೆಸಿ ಪಾಲಿಶ್ ಮಾಡಿಸಿ. ಕಿಟಕಿ ಸರಳಿಗೆ ತುಕ್ಕು ತೆಗೆದು ಎನಾಮಲ್. ಎಲ್ಲ ಬಲ್ಬೂ ಉರಿಯಬೇಕು, ಎಲ್ಲ ಚಿಲಕವೂ ಬೀಳಬೇಕು. ಸಂಪು ತೊಳೆಸಿ, ಮುಚ್ಚಳ ತೆಗೆದರೆ ವಾಸನೆ ಬರಬಾರದು. ನೋಡೋರು ಬರುವ ದಿನ ಬೆಳಗ್ಗೆಯೇ ಹೋಗಿ ಕಿಟಕಿ ಎಲ್ಲ ತೆಗೆದಿಡಿ. ಬೀಗ ಹಾಕಿದ ಮನೆಯ ಮುಗ್ಗಲು ವಾಸನೆಯಂಥ ಶತ್ರು ಇನ್ನೊಂದಿಲ್ಲ.

ಮಲೆನಾಡಿನವ:
ತಾರಸಿ ಮರೆತಿರಿ. ಮಳೆನೀರು ಇಳಿಯುವ ಪೈಪಿನ ಬಾಯಲ್ಲಿ ಎಲೆ ಕಟ್ಟಿಕೊಂಡಿದ್ದರೆ ನೀರು ನಿಂತು ಸೀಲಿಂಗಿಗೆ ಇಳಿಯುತ್ತದೆ. ಒಂದು ಬಕೆಟ್ ನೀರು ಸುರಿದು ಎತ್ತ ಓಡುತ್ತದೆ ನೋಡಿ. ಪ್ಯಾರಾಪೆಟ್ ಬುಡದಲ್ಲಿ ಅರಳಿ ಸಸಿ ಹುಟ್ಟಿದ್ದರೆ ಈಗಲೇ ಬೇರುಸಹಿತ ತೆಗೆಸಿ.

ವಾಸ್ತು ನಂಬೋನು:
ಸಂಪು ಈಶಾನ್ಯದಲ್ಲಿದೆಯಾ? ಇಲ್ಲದಿದ್ದರೆ ಮಾರುವ ಮುಂಚೆ ಬದಲಾಯಿಸಿ, ಎಲ್ಲರೂ ಕೇಳುತ್ತಾರೆ.

ಸೈಟು ಮನೆ:
ಬೇಡ ಸಾರ್. ಒಬ್ಬರ ವಾಸ್ತುಗೆ ಸರಿ ಮಾಡಿದರೆ ಇನ್ನೊಬ್ಬರ ವಾಸ್ತು ಪಂಡಿತರು ತಪ್ಪು ಅನ್ನುತ್ತಾರೆ. ಕೊಳ್ಳುವವರು ತಮಗೆ ಬೇಕಾದ ಹಾಗೆ ಮಾಡಿಕೊಳ್ಳಲಿ.

ಮೇಡಂ, ಗೇಟಿಗೆ ‘ಮಾರಾಟಕ್ಕಿದೆ’ ಬೋರ್ಡು ಕಾಗದ ರೆಡಿಯಾಗುವ ತನಕ ಹಾಕಬೇಡಿ. ಹಾಕಿದ ದಿನದಿಂದ ಬ್ರೋಕರ್‌ಗಳ ಫೋನು. ಅದೇ ಮನೆಗೆ ಒಬ್ಬೊಬ್ಬರು ಒಂದೊಂದು ರೇಟು ಹೇಳಿಕೊಂಡು ತಿರುಗುತ್ತಾರೆ. ಒಂದು ಆಷಾಢ ಕಳೆಯುವಷ್ಟರಲ್ಲಿ ‘ಆ ಮನೆ ಹೋಗ್ತಿಲ್ಲವಂತೆ, ಏನೋ ಲಫಡಾ ಇದೆ’ ಅಂತ ಸುದ್ದಿ. ಒಬ್ಬರೋ ಇಬ್ಬರೋ ಗೊತ್ತಿರುವವರಿಗೆ ಮಾತ್ರ ಹೇಳಿ, ಕಮಿಷನ್ ಎಷ್ಟು ಅಂತ ಮೊದಲೇ ಮಾತಾಡಿ. ಬೀಗದ ಕೈ ಮಾತ್ರ ಯಾರಿಗೂ ಕೊಡಬೇಡಿ. ಅಣ್ಣ ಊರಲ್ಲೇ ಇದ್ದಾರಲ್ಲ, ಅವರೇ ಹೋಗಿ ತೆಗೆದು ತೋರಿಸಲಿ.

ಡಾಲಸ್ ಕನ್ನಡಿಗ:
ತಂಗಿಯವರಿಗಾಗಿ ಬರೆಯುತ್ತಿದ್ದೇನೆ. ನಾವೂ ಹೀಗೇ ಮಾರಿದ್ದೆವು. ಅವರು ಸಹಿಗೆ ಅಂತ ಬರಬೇಕಾಗಿಲ್ಲ, ಅಣ್ಣನಿಗೋ ನಿಮಗೋ ಜಿ.ಪಿ.ಎ. (ತಮ್ಮ ಪರವಾಗಿ ಸಹಿ ಮಾಡುವ ಅಧಿಕಾರ ಪತ್ರ) ಕೊಡಬಹುದು. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಬಹುದು, ಇಲ್ಲವೇ ನೋಟರಿ ಮಾಡಿಸಿ ಅಪೊಸ್ಟಿಲ್ (ಬೇರೆ ದೇಶದಲ್ಲೂ ಒಪ್ಪುವ ಸರ್ಕಾರಿ ದೃಢೀಕರಣ) ಮಾಡಿಸಬಹುದು. ಮುಖ್ಯವಾದ್ದು ಆಮೇಲೆ. ಆ ಕಾಗದ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಬೇಗ ಮಾಡಿಸಿ ಡ್ರಾಯರ್‌ನಲ್ಲಿ ಇಟ್ಟುಬಿಟ್ಟರೆ ತೊಂದರೆ. ಪಾರ್ಟಿ ಗಟ್ಟಿಯಾದ ಮೇಲೆ ಕಳಿಸಲಿ. ಕ್ರಯಪತ್ರದ ಕರಡಿನ ವಿವರಕ್ಕೂ ಇದಕ್ಕೂ ಹೆಸರಿನ ಅಕ್ಷರ, ಆಸ್ತಿಯ ಚೆಕ್ಕುಬಂದಿ ಎಲ್ಲ ತಾಳೆ ಇರಲಿ.

ಇನ್ನು ಟ್ಯಾಕ್ಸು. ಭಾರತದಲ್ಲಿರುವವರ ಪಾಲಿಗೆ, ಮನೆ 50 ಲಕ್ಷ ಅಥವಾ ಜಾಸ್ತಿಗೆ ಹೋದರೆ ಕೊಳ್ಳುವವರು ನೂರಕ್ಕೆ ಒಂದು ಟಿ.ಡಿ.ಎಸ್. (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ವಿದೇಶದಲ್ಲಿರುವವರ ಪಾಲಿಗೆ ಅದು ಬಹಳ ಜಾಸ್ತಿ. 12.5%, ಮೇಲೆ ಸೆಸ್, ಪಾಲು ದೊಡ್ಡದಿದ್ದರೆ ಸರ್‌ಚಾರ್ಜ್ ಬೇರೆ. ಅದನ್ನೂ ಲಾಭದ ಮೇಲಲ್ಲ, ಪೂರ್ತಿ ಪಾಲಿನ ಮೇಲೆ ಹಿಡಿಯುತ್ತಾರೆ. ತಂಗಿ ಮೊದಲೇ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ ಕಡಿಮೆ ಹಿಡಿಯುವಂತೆ ಪ್ರಮಾಣಪತ್ರ ಪಡೆದರೆ ದುಡ್ಡು ಸಿಕ್ಕಿಕೊಳ್ಳುವುದಿಲ್ಲ. ಅದನ್ನು ರಿಜಿಸ್ಟ್ರೇಶನ್ ಮುಂಚೆ ಮಾಡಿಸಬೇಕು. ದುಡ್ಡು ಎನ್.ಆರ್.ಓ. ಖಾತೆಗೆ (ವಿದೇಶದಲ್ಲಿರುವವರ ಭಾರತದ ಬ್ಯಾಂಕ್ ಖಾತೆ) ಬರಲಿ.

ಬ್ಯಾಂಕ್ ರಿಟೈರ್ಡ್:
ಟ್ಯಾಕ್ಸಿನ ಮಾತು ಬಂತಲ್ಲ, ಅಣ್ಣನವರಿಗೆ ಇನ್ನೊಂದು. ಬಣ್ಣ, ಸುಣ್ಣ, ಸಣ್ಣಪುಟ್ಟ ರಿಪೇರಿ ಖರ್ಚನ್ನು ಲಾಭದ ಲೆಕ್ಕದಲ್ಲಿ ಕಳೆಯೋಕೆ ಬಿಡುವುದಿಲ್ಲ. ಬ್ರೋಕರ್ ಕಮಿಷನ್ ಕಳೆಯಬಹುದು, ಚೆಕ್ಕಿನಲ್ಲಿ ಕೊಟ್ಟು ರಸೀದಿ ಇಟ್ಟುಕೊಳ್ಳಿ.

ಹಳೇ ಮನೆ ಆದ್ದರಿಂದ 2001ರ ಏಪ್ರಿಲ್ 1ಕ್ಕೆ ಅದರ ಬೆಲೆ ಎಷ್ಟಿತ್ತು ಅಂತ ವ್ಯಾಲ್ಯುಯರ್ ಹತ್ತಿರ ವರದಿ ಮಾಡಿಸಿ. ಅದನ್ನೇ ಅಸಲು ಅಂತ ಹಿಡಿಯಬಹುದು, ಆಗಿನ ಸರ್ಕಾರಿ ಬೆಲೆ ಮೀರುವಂತಿಲ್ಲ. ನೀವು, ಅಮ್ಮ, ಅಣ್ಣ ಭಾರತದಲ್ಲೇ ಇರುವವರು. 2024ರ ಜುಲೈ 23ಕ್ಕಿಂತ ಹಿಂದಿನ ಆಸ್ತಿಗೆ ನಿಮಗೆ ಎರಡು ದಾರಿ ಇವೆ. ಇಂಡೆಕ್ಸೇಶನ್ (ಬೆಲೆಯೇರಿಕೆಗೆ ತಕ್ಕಂತೆ ಅಸಲು ಹೆಚ್ಚಿಸುವುದು) ಇಲ್ಲದೆ 12.5%, ಅಥವಾ ಇಂಡೆಕ್ಸೇಶನ್ ಜೊತೆ 20%. ಯಾವುದು ಕಮ್ಮಿಯೋ ಅದು. ತಂಗಿಗೆ ಈ ಆಯ್ಕೆ ಇಲ್ಲ. ಅಮ್ಮ ತಮ್ಮ ಪಾಲಿನ ಲಾಭವನ್ನು ಮಾರಿದ ಆರು ತಿಂಗಳೊಳಗೆ ತೆರಿಗೆ ಉಳಿಸುವ ಕ್ಯಾಪಿಟಲ್ ಗೇನ್ಸ್ ಬಾಂಡಿಗೆ ಹಾಕಬಹುದು. ಮಿತಿ 50 ಲಕ್ಷ, ಐದು ವರ್ಷ ಮುಟ್ಟುವ ಹಾಗಿಲ್ಲ. ಮುಂಚೆಯೇ ಒಬ್ಬ ಸಿ.ಎ. ಹತ್ತಿರ ಕೂತು ಮಾತಾಡಿ.

ಮನೆ ಹುಡುಕಾಟ:
ಕೊಳ್ಳುವವರ ಕಷ್ಟವೂ ತಿಳಿದಿರಲಿ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್, ಸರ್‌ಚಾರ್ಜ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ 1ರಿಂದ 2% ಆಗಿದೆ. ಒಂದು ಕೋಟಿ ಮನೆಗೆ ಏಳೂವರೆ ಲಕ್ಷಕ್ಕೂ ಮೇಲೆ ಸರ್ಕಾರಕ್ಕೇ ಹೋಗುತ್ತದೆ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು. ಆಮೇಲೆ ನಿಮ್ಮಣ್ಣನ ಟೈಲ್ಸಿಗೆ ಎಲ್ಲಿಂದ ತರೋಣ?

ಸಂಶಯ ಪಿಶಾಚಿ:
ಅರ್ಧ ಕ್ಯಾಶ್ ಕೊಡ್ತೀನಿ ಅನ್ನುವವರೇ ಜಾಸ್ತಿ ಬರ್ತಾರೆ. ಅದಕ್ಕೇನು ಮಾಡ್ತೀರಿ?

ವಕೀಲಮ್ಮ:
ಕೈ ಮುಗಿದು ಕಳಿಸಿ. ಆಸ್ತಿ ಮಾರಾಟಕ್ಕೆ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ತೆಗೆದುಕೊಂಡಷ್ಟೇ ದಂಡ ಬೀಳಬಹುದು. ಅದೂ ಮಾರುವವರಿಗೆ. ಜೊತೆಗೆ ತಂಗಿಯ ಪಾಲು ಅಮೆರಿಕಕ್ಕೆ ಹೋಗಬೇಕಾದ ದುಡ್ಡು. ಬಿಳಿ ದುಡ್ಡೇ ಇರಲಿ.

ಕುವೆಂಪುನಗರದ ಮಗಳು:
ಎಲ್ಲರಿಗೂ ಬಹಳ ಥ್ಯಾಂಕ್ಸ್. ವಾರಾಂತ್ಯಕ್ಕೆ ಮೈಸೂರಿಗೆ ಹೋಗಿದ್ದೆ. ಅಮ್ಮನೂ ಬಂದಿದ್ದರು. ಅಪ್ಪನ ಟ್ರಂಕು ತೆಗೆದೆವು. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಶುದ್ಧ ಕ್ರಯಪತ್ರ ಮೂರೂ ಸಿಕ್ಕವು. ನಕ್ಷೆಯೂ ಇದೆ, ಮಡಚಿದ ಗೆರೆಯಲ್ಲಿ ಹರಿದಿದೆ. ಅಡಮಾನ ಬಿಡುಗಡೆಯ ಕಾಗದ ಮಾತ್ರ ಇಲ್ಲ. ಅಣ್ಣನಿಗೆ ಈ ಚರ್ಚೆ ಪೂರ್ತಿ ಓದಿಸಿದೆ. ವ್ಯಾಲ್ಯುಯರ್ ಲೆಕ್ಕ ಓದಿ ಸುಮ್ಮನಾದ. ಟೈಲ್ಸ್ ಕ್ಯಾನ್ಸಲ್, ಪಾಲಿಶ್ ಓಕೆ ಅಂದ. ಅವನೇ ಟ್ಯಾಂಕಿನ ವಾಲ್ವ್ ಬಂದ್ ಮಾಡಿ ಬಂದಿದ್ದಾನೆ. ಹಳೇ ಇ.ಸಿ.ಗೆ ಅರ್ಜಿಯನ್ನೂ ಹಾಕುತ್ತಾನಂತೆ.

ಈಗ ಎರಡು ಪ್ರಶ್ನೆ. ಖಾತೆ ನಾಲ್ಕು ಜನರ ಹೆಸರಿಗೆ ಮಾಡಿಸಬೇಕಾ, ಇಲ್ಲಾ ನಾವು ಮೂವರು ಅಮ್ಮನಿಗೆ ಹಕ್ಕು ಬಿಟ್ಟುಕೊಟ್ಟು ಅಮ್ಮ ಒಬ್ಬರೇ ಮಾರುವುದು ಸುಲಭವಾ? ಮನೆಯೊಳಗಿನ ಸಾಮಾನು ಏನು ಮಾಡುವುದು? ಅಮ್ಮ ಒಂದು ತಟ್ಟೆಯನ್ನೂ ಬಿಡುತ್ತಿಲ್ಲ.

ವಕೀಲಮ್ಮ:
ಸುಲಭ ಅಂತ ಅಮ್ಮನಿಗೆ ಬಿಟ್ಟುಕೊಡಬೇಡಿ. ಹಾಗೆ ಮಾಡಿದರೆ ಅದಕ್ಕೊಂದು ಪತ್ರ, ಅದಕ್ಕೊಂದು ನೋಂದಣಿ. ಆಮೇಲೆ ಪೂರ್ತಿ ಲಾಭದ ತೆರಿಗೆ ಅಮ್ಮನ ತಲೆ ಮೇಲೆ. ದುಡ್ಡು ಮತ್ತೆ ನಿಮಗೆಲ್ಲ ಹಂಚುವುದು ಇನ್ನೊಂದು ರಾಮಾಯಣ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಫಿಡವಿಟ್ ಇಟ್ಟು ಪಾಲಿಕೆಯಲ್ಲಿ ನಾಲ್ವರ ಹೆಸರಿಗೂ ಖಾತೆಗೆ ಅರ್ಜಿ ಹಾಕಿ, ಇ-ಖಾತೆಯನ್ನೇ ಪಡೆಯಿರಿ. ಈಗ ಅದಿಲ್ಲದೆ ನೋಂದಣಿ ಮುಂದಕ್ಕೆ ಹೋಗುವುದಿಲ್ಲ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಮಾಡಿಸುವ ಬುದ್ಧಿವಂತರಿದ್ದಾರೆ, ಕಾಪಿ ಕೈಗೆ ಬಂದಾಗ ಓದಿ ನೋಡಿ. ಆಧಾರ್‌ನಲ್ಲಿ, ಹಳೇ ಕಾಗದದಲ್ಲಿ ಅಪ್ಪನ ಇನಿಶಿಯಲ್ ಬೇರೆ ಬೇರೆ ಇದ್ದರೆ ಅದನ್ನೂ ಈಗಲೇ ಸರಿ ಮಾಡಿಸಿ.

ಅತ್ತಿಗೆಯ ಲೆಕ್ಕ:
ಸಾಮಾನಿಗೆ ಅವಸರ ಮಾಡಬೇಡಿ, ಹಾಗಂತ ಬಿಡಲೂಬೇಡಿ. ಒಂದು ಕೋಣೆ ಅಮ್ಮನದು ಅಂತ ಮಾಡಿ, ಇಟ್ಟುಕೊಳ್ಳಬೇಕು ಅನ್ನಿಸಿದ್ದೆಲ್ಲ ಅಲ್ಲಿಗೆ ಹೋಗಲಿ. ಉಳಿದ ಕೋಣೆಗಳು ಖಾಲಿ ಆಗಲಿ. ಹಿತ್ತಾಳೆ, ತಾಮ್ರದ ಪಾತ್ರೆ ಗುಜರಿಯವರಿಗೆ ತೂಕಕ್ಕೆ ಹಾಕುವ ಮುಂಚೆ ನೆಂಟರನ್ನು ಕೇಳಿ. ಹಂಡೆಗೆ ನಾನಂತೂ ರೆಡಿ. ದೇವರ ಮನೆ ಕೊನೆಗೆ ಖಾಲಿ ಮಾಡಿ. ಅಲ್ಲಿವರೆಗೆ ಅಣ್ಣ ಹೋದಾಗ ಒಂದು ದೀಪ ಹಚ್ಚಿದರೆ ಅಮ್ಮನಿಗೂ ಸಮಾಧಾನ, ಮನೆಯೂ ಪಾಳು ಬಿದ್ದ ಹಾಗೆ ಕಾಣುವುದಿಲ್ಲ. ಫೋಟೋ ಹಾಕುವಾಗ ಅಪ್ಪನ ಫೋಟೋ, ಮಕ್ಕಳ ಫೋಟೋ ಗೋಡೆಯಿಂದ ಇಳಿಸಿ. ಮನೆ ನಂಬರ್ ಕಾಣದ ಹಾಗೆ ತೆಗೆಯಿರಿ.

ಬಣ್ಣದಂಗಡಿ:
ಗೋಡೆ ಒಣಗಿದ ಮೇಲೆ ಹೇಳಿ ಮೇಡಂ. ಹಾಲ್ ಒಂದಕ್ಕೆ ಹಾಫ್ ವೈಟ್ ಹೊಡೆದರೆ ಸಾಕು. ಹೊರಗೋಡೆಗೆ ಪಾಚಿ ಇದ್ದರೆ ಪ್ರೆಷರ್ ವಾಷ್ ಮಾಡಿಸಿ ನೋಡಿ, ಬಣ್ಣವೇ ಬೇಡ ಅನ್ನಿಸಬಹುದು. ಅಂಗಡಿಯವನಾಗಿ ಇದನ್ನು ಹೇಳಬಾರದು.

ಮನೆ ಹುಡುಕಾಟ:
ಎಲ್ಲ ಸರಿ, ರೇಟು ಎಷ್ಟು ಅಂತ ಇಟ್ಟಿದ್ದೀರಿ? ನಾನೂ ಕುವೆಂಪುನಗರದಲ್ಲೇ ಹುಡುಕುತ್ತಿದ್ದೇನೆ. ಯಾವ ಬ್ಲಾಕು?

ಕುವೆಂಪುನಗರದ ಮಗಳು:
ಅಯ್ಯೋ, ಮೊದಲೇ ಹೇಳಬಾರದಿತ್ತಾ! ಮೆಸೇಜ್ ಮಾಡುತ್ತೇನೆ. ರೇಟು ಮಾತ್ರ ಇ.ಸಿ. ಬಂದ ಮೇಲೆ. ಬೀರು ಸರಿಸಿಯೇ ತೋರಿಸುತ್ತೇವೆ.